ಗಾಳಕ್ಕೊಂದು ರಾಗಿ ಉಂಡೆ

ಕನಕಪುರದ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮೇಲೆ, ಗಾಳಿಬೋರೆಯ ಮಡುಗಳಿಗೆ ಮಹಶೀರ್ ಹಿಡಿಯಲು ದೇಶವಿದೇಶದವರು ಬರುತ್ತಿದ್ದ ಕಾಲವಿತ್ತು. ದುಬಾರಿ ರಾಡು, ರೀಲು ಅವರವು. ಮೀನು ಬಾಯಿ ಹಾಕುತ್ತಿದ್ದುದು ಮಾತ್ರ ನಮ್ಮೂರ ಗಾಳಗಾರರು ಕಟ್ಟಿದ ರಾಗಿ ಉಂಡೆಗೆ!

ಆ ಉಂಡೆಯ ಹದಕ್ಕೆ ನಾನು ಮನಸೋತವನು. ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಕುದಿನೀರಲ್ಲಿ ಬೇಯಿಸಿ, ಬಿಸಿಯಾರುವ ಮುನ್ನ ಮತ್ತೆ ಮಿದ್ದು, ನಿಂಬೆಹಣ್ಣಿನ ಗಾತ್ರಕ್ಕೆ ಗಾಳದ ಸುತ್ತ ಒತ್ತುತ್ತಿದ್ದರು. ಮೆತ್ತಗಾದರೆ ಸೆಳವು ಕರಗಿಸುತ್ತದೆ, ಸಣ್ಣ ಮೀನುಗಳು ಕಿತ್ತು ಮುಗಿಸುತ್ತವೆ. ತೀರಾ ಗಟ್ಟಿಯಾದರೆ ಗಾಳ ಒಳಗೇ ಹೂತು ಕಚ್ಚಿದ ಮೀನೂ ತಪ್ಪಿಸಿಕೊಳ್ಳುತ್ತದೆ. ಮಹಶೀರಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ತಿಂದದ್ದನ್ನು ಅಲ್ಲಿ ಅರೆಯುತ್ತದೆ. ಆ ಲೆಕ್ಕವೆಲ್ಲ ಇವರ ಹೆಬ್ಬೆರಳಿಗೆ ಗೊತ್ತು.

ಜಾಗ ಹುಡುಕುವುದೂ ಹಾಗೆಯೇ. ಬಂಡೆಗೆ ಬಡಿದ ನೀರು ತಿರುಗಿ, ಸೆಳವು ಮಡುವಿಗೆ ಕೂಡುವ ಅಂಚಿಗೇ ಹರಿಗೋಲು ಒಯ್ಯುತ್ತಿದ್ದರು. ದಾರ ಬೆರಳ ಮೇಲಿರುತ್ತಿತ್ತು. ಚಿಕ್ಕ ಮೀನು ಕುಟುಕುವುದು ಬೇರೆ, ದೊಡ್ಡದು ಒಮ್ಮೆಲೇ ಜಗ್ಗುವುದು ಬೇರೆ.

1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದರು. ಮುಂದೆ ಗಾಳಿಬೋರೆಯಂಥ ಶಿಬಿರಗಳಲ್ಲಿ ಹಿಡಿದದ್ದನ್ನು ತೂಗಿ ನದಿಗೇ ಬಿಡುವುದು ರೂಢಿಯಾಯಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಮೀನಿನ ಕಾವಲಿಗೂ ನಿಂತರು. ಕಾವೇರಿಯ ಡುಬ್ಬ ಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಈ ಭಾಗದ ಅಭಯಾರಣ್ಯದೊಳಗೆ ಈಗ ಗಾಳ ಹಾಕುವಂತಿಲ್ಲ, ಅದು ಸರಿಯೇ. ಆದರೆ ಯಾವ ಮಡುವಿನಲ್ಲಿ ಯಾವ ಮೀನು ಉಳಿದಿದೆ ಎಂದು ತಿಳಿಯಬೇಕಾದವರು ಮೊದಲು ಈ ಗಾಳಗಾರರನ್ನೇ ಕೇಳಬೇಕು.