ಕತ್ತಲು ಕಂಡರೆ ಹತ್ತುವ ದೀಪ

ಯಾವುದೇ ಬಡಾವಣೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಸುತ್ತು ಹಾಕಿದರೆ ಸಾಕು, ಬಿಸಿಲಲ್ಲೇ ಉರಿಯುತ್ತಿರುವ ಗೇಟ್ ಲೈಟುಗಳು ಕಣ್ಣಿಗೆ ಬೀಳುತ್ತವೆ. ಈ ಮರೆವಿಗೆ ಪರಿಹಾರವಾಗಿ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವುದು ಫೋಟೋಸೆಲ್ ಸೆನ್ಸರ್. ಕತ್ತಲಾದರೆ ದೀಪ ಹಾಕುತ್ತದೆ, ಬೆಳಗಾದರೆ ಆರಿಸುತ್ತದೆ. ವಿದ್ಯುತ್ ಉಳಿಸುತ್ತದೆ ಎಂಬುದು ಅದನ್ನು ಮಾರುವವರ ಮೊದಲ ಮಾತು. ಅದು ಅರ್ಧ ಮಾತ್ರ ನಿಜ.

ಲೆಕ್ಕ ಹಾಕಿ ನೋಡಬಹುದು. 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 12 ಗಂಟೆ ಉರಿದರೆ ವರ್ಷಕ್ಕೆ ಸುಮಾರು 39 ಯೂನಿಟ್. ಹಗಲೂ ರಾತ್ರಿ ಉರಿಯಲು ಬಿಡುತ್ತಿದ್ದ ಮನೆಯಲ್ಲಿ ಸೆನ್ಸರ್ ಬಂದ ಮೇಲೆ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಸರಿ. ಆದರೆ ಸಂಜೆ ಆರೂವರೆಗೆ ಹಾಕಿ, ಮಲಗುವ ಮುನ್ನ ಹತ್ತಕ್ಕೆ ಆರಿಸುವ ಶಿಸ್ತಿನ ಮನೆ? ಅಲ್ಲಿ ವರ್ಷಕ್ಕೆ ಹನ್ನೊಂದು-ಹನ್ನೆರಡು ಯೂನಿಟ್ ತಿನ್ನುತ್ತಿದ್ದ ಅದೇ ಬಲ್ಬು ಈಗ ಮೂರು ಪಟ್ಟಿಗಿಂತ ಹೆಚ್ಚು ತಿನ್ನುತ್ತದೆ. ಕಾಂಪೌಂಡಿನ ಸುತ್ತ ಇಂಥವು ನಾಲ್ಕಿದ್ದರೆ ತಿಂಗಳಿಗೆ ಒಂಬತ್ತು ಯೂನಿಟ್ ಹೆಚ್ಚುವರಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಗಡಿಯ ಅಂಚಿನಲ್ಲಿರುವ ಮನೆಯವರಿಗೆ ಇದು ಸಣ್ಣ ಸಂಖ್ಯೆಯಲ್ಲ, ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ಲು ತೆರಬೇಕು. ಸೆನ್ಸರ್ ಉಳಿಸುವುದು ಮನೆಯವರ ನೆನಪಿನ ಶ್ರಮವನ್ನು. ಕರೆಂಟು ಉಳಿದೀತೇ ಎಂಬುದು ಆ ಮನೆಯ ಹಳೆಯ ಅಭ್ಯಾಸದ ಮೇಲೆ ನಿಂತಿದೆ.

ಈ ಸಾಧನದ ಪೂರ್ವಜರನ್ನು ನೋಡಿದರೆ ಅದು ಯಾರಿಗಾಗಿ ಹುಟ್ಟಿತೆಂಬುದು ತಿಳಿಯುತ್ತದೆ. ಸಮುದ್ರದಡಿಯ ತಂತಿ ಕೇಬಲ್ಲುಗಳನ್ನು ಪರೀಕ್ಷಿಸುತ್ತಿದ್ದ ಇಂಗ್ಲೆಂಡಿನ ವಿಲೋಬಿ ಸ್ಮಿತ್, ಬೆಳಕು ಬಿದ್ದಾಗ ಸೆಲೆನಿಯಂ ಸರಳುಗಳ ವಿದ್ಯುತ್ ನಿರೋಧ ಇಳಿಯುತ್ತದೆಂದು 1873ರಲ್ಲಿ ಪ್ರಕಟಿಸಿದ. ಈಗಿನ ಅಗ್ಗದ ಸೆನ್ಸರುಗಳೊಳಗಿನ ಎಲ್‌ಡಿಆರ್ ಎಂಬ ಪುಟ್ಟ ಬಿಡಿಭಾಗದ್ದೂ ಅದೇ ಗುಣ, ವಸ್ತು ಮಾತ್ರ ಬೇರೆ. ಅತ್ತ ಸ್ವೀಡನ್ನಿನ ಗುಸ್ತಾಫ್ ಡಾಲೆನ್ ಕರೆಂಟಿನ ಗೊಡವೆಯೇ ಇಲ್ಲದೆ ಇದೇ ಕೆಲಸ ಮಾಡಿಸಿದ್ದ. ಅವನ ಸೂರ್ಯ ಕವಾಟದಲ್ಲಿ ಒಂದು ಕಪ್ಪು ಸರಳು ಹಗಲ ಬೆಳಕನ್ನು ಹೀರಿ ಹಿಗ್ಗಿ, ದೀಪಸ್ತಂಭಕ್ಕೆ ಹೋಗುವ ಅಸಿಟಿಲೀನ್ ಅನಿಲವನ್ನು ತಡೆಯುತ್ತಿತ್ತು. ದೀಪಸ್ತಂಭ ಮತ್ತು ತೇಲುದೀಪಗಳ ಇಂಥ ಸ್ವಯಂಚಾಲಿತ ವ್ಯವಸ್ಥೆಗಾಗಿ 1912ರ ಭೌತಶಾಸ್ತ್ರದ ನೊಬೆಲ್ ಅವನಿಗೆ ಸಂದಿತು. ಅಂಥ ದೀಪಗಳಿದ್ದುದು ಸ್ವಿಚ್ ಒತ್ತಲು ಮನುಷ್ಯನೇ ಇಲ್ಲದ ಜಾಗ. ರಾತ್ರಿಯಿಡೀ ಬೆಳಕು ಬೇಕೇ ಬೇಕಾದ ಜಾಗ. ಈ ಎರಡೂ ಷರತ್ತು ಎಷ್ಟು ಮನೆಗಳಿಗೆ ಅನ್ವಯಿಸುತ್ತವೆ?

ಇನ್ನು ಜೋಡಣೆ. ಸೆನ್ಸರಿನಿಂದ ಮೂರು ವೈರು ಹೊರಬರುತ್ತವೆ: ಒಳಬರುವ ಫೇಸಿಗೆ ಒಂದು, ನ್ಯೂಟ್ರಲ್‌ಗೆ ಒಂದು, ದೀಪಕ್ಕೆ ಹೋಗುವುದು ಒಂದು. ಇಷ್ಟೇ ಆಗಿದ್ದರೆ ಗೊಂದಲವಿರಲಿಲ್ಲ. ತೊಂದರೆಯಿರುವುದು ಬಣ್ಣದಲ್ಲಿ. ನಮ್ಮ ಮನೆಗಳ ವೈರಿಂಗಿನಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಮಾರುಕಟ್ಟೆಯ ಬಹಳಷ್ಟು ಸೆನ್ಸರುಗಳಲ್ಲಿ ಕಪ್ಪು ವೈರೇ ಫೇಸು, ಬಿಳಿಯದು ನ್ಯೂಟ್ರಲ್, ಕೆಂಪು ದೀಪದ ಕಡೆಗೆ. ಅದು ಅಮೆರಿಕದ ರೂಢಿ. ಕೆಲವು ಮಾದರಿಗಳಲ್ಲಿ ನ್ಯೂಟ್ರಲ್ ಹಸಿರು ಬಣ್ಣದಲ್ಲಿ ಬರುವುದೂ ಉಂಟು! ಕೈಗೆ ರೂಢಿಯಾದಂತೆ ಕಪ್ಪಿಗೆ ಕಪ್ಪು, ಕೆಂಪಿಗೆ ಕೆಂಪು ಸುತ್ತಿ ಟೇಪ್ ಹಾಕಿದರೆ ಅದೃಷ್ಟವಿದ್ದಾಗ ದೀಪ ಹತ್ತುವುದಿಲ್ಲ, ಇಲ್ಲದಿದ್ದಾಗ ಎಂಸಿಬಿ ಬೀಳುತ್ತದೆ. ಸೆನ್ಸರಿನ ಮೈಮೇಲೆ ಅಚ್ಚಾಗಿರುವ ಪುಟ್ಟ ಚಿತ್ರವನ್ನು ಓದದೆ ಮುಟ್ಟಬಾರದು. ಬರೀ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ ಇಳಿಸಿದ ಮೇಲೂ ಟೆಸ್ಟರ್ ಹಿಡಿದು ನೋಡಬೇಕು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ಮೇಲೆ ಕೂರಿಸಿರುವ ಉದಾಹರಣೆಗಳಿವೆ, ಅಲ್ಲಿ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಪರವಾನಗಿಯಿರುವ ವೈರ್‌ಮನ್‌ಗೆ ಬಿಡುವುದು ಲೇಸು.

ಜೋಡಣೆ ಸರಿಯಾದರೂ ಕೆಲಸ ಕೆಡುವುದು ಜಾಗದ ಆಯ್ಕೆಯಲ್ಲಿ. ದೀಪದ ಪಕ್ಕದಲ್ಲೇ ವೈರು ಸಿಗುತ್ತದೆಂದು ಸೆನ್ಸರನ್ನೂ ಅಲ್ಲೇ, ದೀಪದ ಕೆಳಗೆ, ನೇತುಹಾಕುವುದು ವಾಡಿಕೆ. ಕತ್ತಲಾಗುತ್ತದೆ, ದೀಪ ಹತ್ತುತ್ತದೆ; ಆ ಬೆಳಕು ಸೆನ್ಸರಿಗೇ ಬೀಳುತ್ತದೆ; ಬೆಳಗಾಯಿತೆಂದು ಅದು ದೀಪ ಆರಿಸುತ್ತದೆ; ಮತ್ತೆ ಕತ್ತಲು, ಮತ್ತೆ ಬೆಳಕು. ರಾತ್ರಿಯಿಡೀ ಇದೇ ಆಟ. ಮನೆಯವರು ಸೆನ್ಸರ್ ಕೆಟ್ಟಿದೆಯೆಂದು ಅಂಗಡಿಗೆ ಒಯ್ದು ಬದಲಿಸುತ್ತಾರೆ, ಹೊಸದೂ ಹಾಗೇ ಮಿಣುಕುತ್ತದೆ. ಸೆನ್ಸರಿನೊಳಗೇ ಸ್ವಲ್ಪ ತಡೆದು ನಿರ್ಧರಿಸುವ ಏರ್ಪಾಡಿರುತ್ತದೆ, ಮಿಂಚಿಗೆ, ಹಾದುಹೋಗುವ ಕಾರಿನ ಹೆಡ್‌ಲೈಟಿಗೆ ಅದು ಬೆಚ್ಚುವುದಿಲ್ಲ. ತಲೆಯ ಮೇಲೇ ಉರಿಯುವ ಬಲ್ಬಿನ ಮುಂದೆ ಆ ಏರ್ಪಾಡು ಸಾಲದು. ಸೆನ್ಸರಿಗೆ ಆಕಾಶ ಕಾಣಬೇಕು, ದೀಪ ಕಾಣಬಾರದು. ದೀಪ ಸಜ್ಜದ ಕೆಳಗಿದ್ದರೆ ಸೆನ್ಸರು ಸಜ್ಜದ ಮೇಲಿರಲಿ. ವೈರು ಕೆಳಗಿನಿಂದ ಒಳಹೋಗಲಿ, ಮಳೆ ನೀರು ಅದರ ಗುಂಟ ಇಳಿದು ಒಳಗೆ ಸೇರದಿರಲಿ. ಇಷ್ಟಕ್ಕೆ ಬೇಕಾಗುವುದು ಎರಡು ಅಡಿ ವೈರು ಹೆಚ್ಚು ಮತ್ತು ಏಣಿ ಹತ್ತುವ ಮನಸ್ಸು.

ಸೆನ್ಸರನ್ನು ಒಳಗೇ ಇಟ್ಟುಕೊಂಡು ಬರುವ ಬಲ್ಬುಗಳು ವೈರಿಂಗಿನ ತಾಪತ್ರಯ ತಪ್ಪಿಸುತ್ತವೆ. ಆದರೆ ಗೇಟ್ ಕಂಬದ ಹಾಲುಬಣ್ಣದ ಗಾಜಿನ ಗೋಳದೊಳಗೆ ಹಾಕಿದರೆ ಅವುಗಳದ್ದೂ ಇದೇ ಗತಿ, ತಮ್ಮ ಬೆಳಕು ತಮಗೇ ತಿರುಗಿ ಬರುತ್ತದೆ.

ಟೈಮರ್ ಇರುವಾಗ ಸೆನ್ಸರ್ ಏಕೆ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಿದಂತಿಲ್ಲ. ಲಂಡನ್ನಿನಲ್ಲಿ ಸೂರ್ಯ ಜೂನಿನಲ್ಲಿ ರಾತ್ರಿ 9.20ರ ಸುಮಾರಿಗೆ, ಡಿಸೆಂಬರಿನಲ್ಲಿ ಮಧ್ಯಾಹ್ನ 3.50ರ ಸುಮಾರಿಗೆ ಮುಳುಗುತ್ತಾನೆ. ಅಲ್ಲಿ ಟೈಮರನ್ನು ಮತ್ತೆ ಮತ್ತೆ ತಿರುಗಿಸಿ ಸಾಕಾಗುತ್ತದೆ. ಬೆಂಗಳೂರಿನಲ್ಲಿ ಜುಲೈ ಮೊದಲಿಗೆ 6.50, ನವೆಂಬರ್ ಕೊನೆಗೆ 5.50ರ ಆಸುಪಾಸು. ವರ್ಷಕ್ಕೆಲ್ಲ ಒಂದೇ ಗಂಟೆಯ ಏರಿಳಿತ. ಅಂದರೆ ಸೆನ್ಸರಿನ ಮುಖ್ಯ ಹೆಚ್ಚುಗಾರಿಕೆ ನಮ್ಮಲ್ಲಿ ಬಹಳ ತೆಳ್ಳಗಾಗುತ್ತದೆ. ಟೈಮರಾದರೋ ರಾತ್ರಿ ಹನ್ನೊಂದಕ್ಕೆ ದೀಪ ಆರಿಸಬಲ್ಲದು, ಸೆನ್ಸರಿಗೆ ಅದು ಸಾಧ್ಯವಿಲ್ಲ. ಕರೆಂಟು ಹೋದಾಗ ಬ್ಯಾಟರಿಯಿಲ್ಲದ ಮೆಕ್ಯಾನಿಕಲ್ ಟೈಮರು ನಿಂತು, ಬಂದಾಗ ಅಷ್ಟೇ ಹೊತ್ತು ಹಿಂದೆ ಬೀಳುತ್ತದೆ ಎಂಬುದು ನಿಜ. ಸೆನ್ಸರು ಆಗಷ್ಟೇ ಎದ್ದು ಆಕಾಶ ನೋಡಿ ಸರಿಹೋಗುತ್ತದೆ. ಹಾಗೆಂದು ಅದಕ್ಕೆ ಹೊತ್ತು ತಿಳಿದಿದೆ ಎಂದುಕೊಳ್ಳಬಾರದು. ಆಗುಂಬೆಯಂಥ ಕಡೆ ಆಷಾಢದ ಮಳೆ ಕವಿದಾಗ ಮಧ್ಯಾಹ್ನವೇ ಅಂಗಳದ ದೀಪ ಹತ್ತಿಕೊಂಡರೆ ಅದು ಸೆನ್ಸರಿನ ತಪ್ಪಲ್ಲ.

ಹಾಗಾದರೆ ಸೆನ್ಸರ್ ಎಲ್ಲಿ ಸಲ್ಲುತ್ತದೆ? ಬೀಗ ಹಾಕಿದ ಊರಿನ ಮನೆಗೆ, ವಯಸ್ಸಾದವರು ನಸುಕಿನಲ್ಲಿ ಇಳಿಯುವ ಮೆಟ್ಟಿಲಿಗೆ, ಅಪಾರ್ಟ್‌ಮೆಂಟಿನ ಯಾರದೂ ಅಲ್ಲದ ಹಾದಿಗೆ. ಉಳಿದ ಕಡೆ ಒಂದೇ ದೀಪಕ್ಕೆ ಸಾಕು. ಹಿತ್ತಲಿಗೆ, ಕಾರು ನಿಲ್ಲಿಸುವ ಜಾಗಕ್ಕೆ ಮನುಷ್ಯರು ಸುಳಿದಾಗ ಮಾತ್ರ ಹತ್ತುವ ಮೋಷನ್ ಸೆನ್ಸರ್ ಮೇಲು. ಯಾವುದನ್ನೇ ಹಾಕಿದರೂ ಮನೆಯೊಳಗಿನ ಹಳೆಯ ಸ್ವಿಚ್ಚನ್ನು ಕಿತ್ತುಹಾಕುವುದು ಮಾತ್ರ ಅವಿವೇಕ. ಫೇಸು ಅದರ ಮೂಲಕವೇ ಸೆನ್ಸರಿಗೆ ಹೋಗುತ್ತಿದ್ದರೆ ಬೇಡವೆನಿಸಿದ ರಾತ್ರಿ ಒತ್ತಿ ಆರಿಸಬಹುದು. ಕರಾವಳಿಯಲ್ಲಿ ಇದು ಇನ್ನೂ ಮುಖ್ಯ: ಮೊಟ್ಟೆಯೊಡೆದು ಬರುವ ಕಡಲಾಮೆ ಮರಿಗಳು ಬೆಳಕಿದ್ದತ್ತ ತೆವಳುತ್ತವೆ, ದಡದ ಮನೆಯ ಕಾಂಪೌಂಡ್ ದೀಪ ಅವನ್ನು ನೀರಿನ ಬದಲು ರಸ್ತೆಯ ಕಡೆಗೆ ಸೆಳೆಯಬಲ್ಲದು. ಮರಿಗಳು ಹೊರಬರುವ ತಿಂಗಳುಗಳಲ್ಲಿ ಅಲ್ಲಿ ಕತ್ತಲಾದೊಡನೆ ಆರಬೇಕಾದ ದೀಪವನ್ನು ಈ ಸಾಧನ ಕತ್ತಲಾದೊಡನೆ ಹಚ್ಚುತ್ತದೆ.