ಸುಣ್ಣದ ವೇಷದ ಸ್ಟ್ರಾಂಷಿಯಂ

ಸ್ತನ ಕ್ಯಾನ್ಸರ್ ಮೂಳೆಗೆ ಹರಡಿ ಬೆನ್ನೆಲುಬು, ಸೊಂಟ, ಪಕ್ಕೆಲುಬುಗಳಲ್ಲಿ ಒಮ್ಮೆಗೇ ನೋವು ಎದ್ದಾಗ, ಹೊರಗಿನಿಂದ ಒಂದೊಂದು ತಾಣಕ್ಕೂ ಕಿರಣ ಹಾಯಿಸುವುದು ಕಷ್ಟವಾದ್ದರಿಂದ, ಆ ತಾಣಗಳನ್ನು ತಾನೇ ಹುಡುಕಿಕೊಂಡು ಹೋಗುವ ಸ್ಟ್ರಾಂಷಿಯಂ-89 ಎಂಬ ವಿಕಿರಣಶೀಲ ಮದ್ದಿನ ಜಾಣ್ಮೆ ಮೆಚ್ಚತಕ್ಕದ್ದು. ರಾಸಾಯನಿಕವಾಗಿ ಕ್ಯಾಲ್ಸಿಯಂನ ದಾಯಾದಿಯಾದ ಇದನ್ನು ರಕ್ತನಾಳಕ್ಕೆ ಚುಚ್ಚಿದರೆ, ಗಡ್ಡೆಯ ಕಾಟಕ್ಕೆ ಪ್ರತಿಯಾಗಿ ಹೊಸ ಮೂಳೆ ಕಟ್ಟುತ್ತಿರುವ ಜೀವಕೋಶಗಳು ಸುಣ್ಣದಂಶವೆಂದೇ ನಂಬಿ (ನಂಬಿಕೆಯೆಂಬುದು ಇಲ್ಲಿ ಅಲಂಕಾರವಷ್ಟೆ) ಖನಿಜದೊಳಗೆ ಸೇರಿಸಿಕೊಳ್ಳುತ್ತವೆ. ಅಲ್ಲಿಂದ ಹೊಮ್ಮುವ ಬೀಟಾ ಕಣಗಳು, ಅಂದರೆ ವೇಗದ ಇಲೆಕ್ಟ್ರಾನುಗಳು, ಕೆಲವೇ ಮಿಲಿಮೀಟರ್ ಸಾಗಿ ನಿಂತುಬಿಡುತ್ತವೆ. ಅರ್ಧಾಯುಷ್ಯ, ಎಂದರೆ ವಿಕಿರಣಶೀಲತೆ ಅರ್ಧಕ್ಕಿಳಿಯುವ ಅವಧಿ, ಸುಮಾರು 50 ದಿನವಾದ್ದರಿಂದ ಒಂದೇ ಚುಚ್ಚುಮದ್ದಿನ ಉಪಶಮನ ತಿಂಗಳುಗಟ್ಟಲೆ ಉಳಿಯಬಲ್ಲದು. ಆದರೆ ನೆರೆಯ ಅಸ್ಥಿಮಜ್ಜೆಗೂ ಅದರ ಬಿಸಿ ತಾಗಿ ಪ್ಲೇಟ್‌ಲೆಟ್‌ಗಳು ಇಳಿಯುವುದುಂಟು. ಮೂಳೆ ಕಟ್ಟದೆ ಬರೀ ಸವೆಯುತ್ತಿರುವೆಡೆ ಈ ಮದ್ದು ಅಷ್ಟಾಗಿ ನೆಲೆಯೂರದು.