ಫಲಕ ಹೇಳದ ಕಥೆ: ಬೆಂಗಳೂರಿನ ವಿಮಾನ ವಸ್ತುಸಂಗ್ರಹಾಲಯ ಮತ್ತು ನೋಡುಗರ ಮೌಖಿಕ ಕಥನ

ಕರ್ನಾಟಕದ ಜಾನಪದ ಅಧ್ಯಯನವು ಬಹುಕಾಲ ಗ್ರಾಮವನ್ನೇ ತನ್ನ ಕ್ಷೇತ್ರವೆಂದು ಭಾವಿಸಿಕೊಂಡು ಬಂದಿತು. ಲಾವಣಿ, ಐತಿಹ್ಯ, ಒಗಟು, ಆಚರಣೆಗಳನ್ನು ಅರಸಿ ವಿದ್ವಾಂಸರು ಹಳ್ಳಿಗಳಿಗೆ ಹೋದರು. ಅದರಿಂದ ದೊರೆತ ಫಲ ದೊಡ್ಡದು. ಆದರೆ ಕಾರ್ಖಾನೆಯ ಗೋಡೆಯೊಳಗೆ, ಬಡಾವಣೆಗಳ ಹೆಸರುಗಳಲ್ಲಿ, ವಸ್ತುಸಂಗ್ರಹಾಲಯಗಳ ಅಂಗಳದಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ಸಾಗುವ ನಗರದ ಕಥನಗಳತ್ತ ನಮ್ಮ ಗಮನ ಹರಿದದ್ದು ಕಡಿಮೆ. ಪ್ರಸ್ತುತ ಲೇಖನದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ವಸ್ತುಸಂಗ್ರಹಾಲಯವನ್ನು ಒಂದು ಪಠ್ಯವೆಂದು ಪರಿಗಣಿಸಿ, ಅಲ್ಲಿನ ಪ್ರದರ್ಶಿಕೆಗಳು ಏನನ್ನು ಹೇಳುತ್ತವೆ, ನೋಡುಗರು ಏನನ್ನು ಕೇಳುತ್ತಾರೆ, ಇವೆರಡರ ನಡುವೆ ಉಳಿಯುವ ಅಂತರದ ಸ್ವರೂಪವೇನು ಎಂಬುದನ್ನು ವಿವೇಚಿಸಲಾಗಿದೆ.

೧

೧೯೪೦ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇಲ್ಲಿ ಅಮೆರಿಕದ ಸೇನೆಯ ವಿಮಾನಗಳ ದುರಸ್ತಿ ನಡೆಯಿತು. ಸ್ವಾತಂತ್ರ್ಯಾನಂತರ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ತರಬೇತಿ ವಿಮಾನ ಎಚ್‌ಟಿ-೨, ೧೯೫೧ರಲ್ಲಿ ಹಾರಿತು. ೧೯೬೪ರಲ್ಲಿ ಸಂಸ್ಥೆಯು ಇಂದಿನ ಹೆಸರನ್ನು ಪಡೆಯಿತು. ಈ ಇತಿಹಾಸವನ್ನು ಸಾರ್ವಜನಿಕರ ಮುಂದಿಡುವ ಉದ್ದೇಶದಿಂದ ೨೦೦೧ರಲ್ಲಿ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಈ ಸಂಗ್ರಹಾಲಯ ಆರಂಭವಾಯಿತು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ಇಲ್ಲಿನ ವಾಡಿಕೆಯ ನಾಗರಿಕ ಪ್ರಯಾಣ ನಿಂತಿತಾದರೂ ಪರೀಕ್ಷಾರ್ಥ ಹಾರಾಟಗಳು ಮುಂದುವರಿದಿವೆ. ಆದ್ದರಿಂದ ಇಲ್ಲಿನ ನೋಡುಗನು ನಿಂತ ವಿಮಾನವನ್ನು ನೋಡುತ್ತಿರುವಾಗಲೇ ಹಾರುವ ವಿಮಾನದ ಸದ್ದನ್ನೂ ಕೇಳುವ ಸಂಭವವುಂಟು. ಬೇರೆ ಸಂಗ್ರಹಾಲಯಗಳಿಗೆ ಸುಲಭವಾಗಿ ದೊರಕದ ಸಂದರ್ಭವಿದು.

ಒಳಾಂಗಣದಲ್ಲಿ ೧೯೪೦ರಿಂದ ಮೊದಲ್ಗೊಂಡು ದಶಕವಾರು ಜೋಡಿಸಿದ ಛಾಯಾಚಿತ್ರಗಳಿವೆ. ಒಡಲನ್ನು ಸೀಳಿ ತೋರಿಸಿದ, ಮೋಟಾರಿನಿಂದ ತಿರುಗುವ ಎಂಜಿನ್ನುಗಳಿವೆ. ಹೊರಾಂಗಣದಲ್ಲಿ ಎಚ್‌ಟಿ-೨, ಮಾರುತ್, ಕಿರಣ್, ಅಜಿತ್, ಕ್ಯಾನ್‌ಬೆರಾ, ಮಿಗ್-೨೧ ಮೊದಲಾದ ವಿಮಾನಗಳು ನಿಂತಿವೆ. ಸೀಳಿದ ಎಂಜಿನ್ನುಗಳ ವಿಭಾಗವು ಈ ಸಂಗ್ರಹಾಲಯದ ಅತ್ಯಂತ ಯಶಸ್ವಿ ಭಾಗವೆಂದು ನಿಸ್ಸಂಕೋಚವಾಗಿ ಹೇಳಬಹುದು. ಗಾಳಿ ಎಲ್ಲಿಂದ ಒಳಹೋಗುತ್ತದೆ, ಎಲ್ಲಿ ಒತ್ತಲ್ಪಡುತ್ತದೆ, ಎಲ್ಲಿ ಉರಿದು ಹೊರಬರುತ್ತದೆ ಎಂಬುದು ಅಕ್ಷರ ಬಾರದವರಿಗೂ ಕಣ್ಣಿನಿಂದಲೇ ತಿಳಿಯುತ್ತದೆ. ಯಂತ್ರವು ಇಲ್ಲಿ ತನ್ನ ಕೆಲಸವನ್ನು ತಾನೇ ವಿವರಿಸುತ್ತದೆ.

ಅಂಗಳದ ವಿಮಾನಗಳ ಸ್ಥಿತಿ ಬೇರೆ. ಇಂತಹ ಸಂಗ್ರಹಾಲಯಗಳ ಫಲಕಗಳಿಗೆ ಜಗತ್ತಿನಾದ್ಯಂತ ಒಂದು ಸಿದ್ಧ ಮಾದರಿಯಿದೆ: ಉದ್ದ, ಎತ್ತರ, ರೆಕ್ಕೆಯ ಅಗಲ, ತೂಕ, ಗರಿಷ್ಠ ವೇಗ, ಎಂಜಿನ್ನಿನ ಹೆಸರು. ಫಲಕದ ಭಾಷೆ ಯಾವುದೇ ಇರಲಿ, ಅದರ ವ್ಯಾಕರಣ ಅಂಕಿಗಳದು. ಆ ವ್ಯಾಕರಣದಲ್ಲಿ ಕರ್ತೃಪದವಿಲ್ಲ. ಮಾಡಿದವರು ಯಾರು, ಹಾರಿಸಿದವರು ಯಾರು, ಎಲ್ಲಿಗೆ ಹೋಗಿ ಬಂದಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಸ್ಥಳವಿರುವುದಿಲ್ಲ. ಒಳಗಿನ ಚಿತ್ರಗಳಲ್ಲಿ ಮನುಷ್ಯರಿದ್ದಾರೆ, ಹೊರಗೆ ಯಂತ್ರಗಳಿವೆ. ಇವೆರಡನ್ನೂ ಕೂಡಿಸುವ ಹೊಣೆ ನೋಡುಗನ ಮೇಲೆ ಬೀಳುತ್ತದೆ.

೨

ನೋಡುಗನು ಆ ಹೊಣೆಯನ್ನು ತನ್ನದೇ ರೀತಿಯಲ್ಲಿ ನಿರ್ವಹಿಸುತ್ತಾನೆ. ಅಂಗಳದಲ್ಲಿ ಕೇಳಿಬರುವ ಮಾತುಗಳನ್ನು ಸ್ಥೂಲವಾಗಿ ಮೂರು ವರ್ಗಗಳಲ್ಲಿ ಇಡಬಹುದು.

ಮೊದಲನೆಯದು ಪುರಾಣದೊಂದಿಗೆ ಹೊಂದಿಸುವ ಮಾತು. ಇದಕ್ಕೆ ವಿಮಾನಗಳ ಹೆಸರುಗಳೇ ಅವಕಾಶ ಕೊಟ್ಟಿವೆ. ಈ ಕಾರ್ಖಾನೆಯ ವಿಮಾನಗಳಿಗಿಟ್ಟ ಪುಷ್ಪಕ್, ಮಾರುತ್, ಧ್ರುವ ಮೊದಲಾದ ಹೆಸರುಗಳು ನಮ್ಮ ಕಥಾಪರಂಪರೆಗೆ ಅಪರಿಚಿತವಲ್ಲ. ಮಾರುತ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮಾರುತಿಯನ್ನು ನೆನೆಯುವುದು ಕನ್ನಡಿಗರಿಗೆ ಸಹಜ. ಹಿರಿಯರಲ್ಲಿ ಕೆಲವರು ವಿಮಾನದ ಚಕ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೂ ಉಂಟು. ಆಯುಧಪೂಜೆಯಂದು ಲೇತು, ಕೊರೆಯುವ ಯಂತ್ರ, ಬಸ್ಸು, ಲಾರಿಗಳಿಗೆ ಕುಂಬಳಕಾಯಿ ಒಡೆಯುವ ನಾಡಿನಲ್ಲಿ ಇದು ಅಚ್ಚರಿಯ ಸಂಗತಿಯಲ್ಲ. ೨೦೧೯ರ ವಿಜಯದಶಮಿಯಂದು ಫ್ರಾನ್ಸಿನಲ್ಲಿ ಮೊದಲ ರಫೇಲ್ ವಿಮಾನವನ್ನು ಸ್ವೀಕರಿಸಿದಾಗ ದೇಶದ ರಕ್ಷಣಾ ಸಚಿವರೇ ಅದರ ಮೇಲೆ ಓಂಕಾರ ಬರೆದು, ಚಕ್ರದಡಿ ನಿಂಬೆಹಣ್ಣು ಇರಿಸಿದ ಶಸ್ತ್ರಪೂಜೆಯನ್ನು ನೆರವೇರಿಸಿದರು. ಜನಪದ ಆಚರಣೆಯು ಯಂತ್ರವನ್ನು ನಿರ್ಜೀವ ವಸ್ತುವೆಂದು ಬಿಟ್ಟುಕೊಡುವುದಿಲ್ಲ. ಅದನ್ನು ಮನೆತನದ ಸದಸ್ಯನಂತೆ ಒಳಗೆ ಕರೆದುಕೊಳ್ಳುತ್ತದೆ.

ಎರಡನೆಯದು ದುಡಿಮೆಯ ಮಾತು. ಬೆಂಗಳೂರಿನ ಪೂರ್ವಭಾಗದ ಎಷ್ಟೋ ಕುಟುಂಬಗಳಿಗೆ ‘ವಿಮಾನ ಕಾರ್ಖಾನೆ’ ಎಂಬುದು ಅನ್ನದ ಹೆಸರು. ವಿಮಾನಪುರ ಎಂಬ ಬಡಾವಣೆಯ ಹೆಸರೇ ಇದಕ್ಕೆ ಸಾಕ್ಷಿ. ಮೊಮ್ಮಕ್ಕಳ ಕೈಹಿಡಿದು ಬರುವ ನಿವೃತ್ತ ಕಾರ್ಮಿಕರು ಫಲಕವನ್ನು ಓದುವುದಿಲ್ಲ; ರಿವೆಟ್ಟುಗಳ ಸಾಲಿನ ಮೇಲೆ ಬೆರಳಾಡಿಸುತ್ತಾರೆ. ತಗಡನ್ನು ಬಾಗಿಸುವುದು ಹೇಗೆ, ಒಳಗೆ ಒಬ್ಬ ಹೊರಗೆ ಒಬ್ಬ ನಿಂತು ರಿವೆಟ್ಟು ಹೊಡೆಯುವುದು ಹೇಗೆ, ಪಾಳಿಯ ಸೈರನ್ ಎಷ್ಟು ದೂರ ಕೇಳುತ್ತಿತ್ತು ಎಂಬ ವಿವರಗಳು ಇವರ ಮಾತಿನಲ್ಲಿ ಬರುತ್ತವೆ. ಕಮ್ಮಾರನ ಕುಲುಮೆ, ಬಡಗಿಯ ಕೊಟ್ಟಿಗೆ, ನೇಕಾರನ ಮಗ್ಗಗಳ ವೃತ್ತಿಜಾನಪದವನ್ನು ಸಂಗ್ರಹಿಸಿದ ನಾವು ಇದನ್ನೂ ಅದೇ ಗೌರವದಿಂದ ಕಾಣಬೇಕಾಗಿದೆ. ಮಾರುತ್ ವಿಮಾನದ ನಿರ್ಮಾಣಕ್ಕೆ ಮೊದಲು, ಅದರ ಪೂರ್ಣಾಕಾರದ ಗ್ಲೈಡರ್ ಒಂದನ್ನು ಮರದಿಂದ ಮಾಡಿ, ೧೯೫೯ರಲ್ಲಿ ಡಕೋಟ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ಪರೀಕ್ಷಿಸಲಾಯಿತು. ಶಬ್ದದ ವೇಗವನ್ನು ಮೀರಬೇಕೆಂದು ಯೋಜಿಸಿದ ಯುದ್ಧವಿಮಾನದ ಹಿಂದೆ ಹೀಗೆ ಮರಗೆಲಸದವರ ಉಳಿಯೂ ಇದೆ.

ಮೂರನೆಯದು ಸಾವಿನ ಮಾತು. ಇದು ಯುದ್ಧಕ್ಕೆ ಹೋಗಿತ್ತೆ, ಇದು ಎಲ್ಲಾದರೂ ಬಿದ್ದಿತ್ತೆ, ಒಳಗಿದ್ದವರು ಉಳಿದರೆ ಎಂಬ ಪ್ರಶ್ನೆಗಳನ್ನು ಮಕ್ಕಳು ಗಟ್ಟಿಯಾಗಿಯೂ ದೊಡ್ಡವರು ಮೆಲ್ಲಗೂ ಕೇಳುತ್ತಾರೆ. ಮಿಗ್-೨೧ರ ಮುಂದೆ ಈ ಪ್ರಶ್ನೆ ತಪ್ಪುವುದೇ ಇಲ್ಲ. ೧೯೬೩ರಲ್ಲಿ ವಾಯುಪಡೆಯನ್ನು ಸೇರಿ, ೨೦೨೫ರ ಸೆಪ್ಟೆಂಬರ್ ೨೬ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ಈ ವಿಮಾನವು ಯುದ್ಧಗಳಲ್ಲಿ ಗಳಿಸಿದ ಕೀರ್ತಿಯಷ್ಟೇ, ಅಪಘಾತಗಳಿಂದ ಪಡೆದ ‘ಹಾರುವ ಶವಪೆಟ್ಟಿಗೆ’ ಎಂಬ ಅಪಕೀರ್ತಿಯೂ ಜನರ ಬಾಯಲ್ಲಿದೆ. ನೋಡುಗನಿಗೆ ಎರಡೂ ಗೊತ್ತು. ವೇಗ ಮತ್ತು ತೂಕಗಳನ್ನು ಮಾತ್ರ ಹೇಳುವ ಫಲಕವು ಅವನಿಗೆ ಗೊತ್ತಿರುವುದರ ಬಗ್ಗೆ ಮೌನವಾಗಿರುತ್ತದೆ.

೩

ಈ ಮೂರೂ ಬಗೆಯ ಮಾತುಗಳು ಒಂದೆಡೆ ಕೂಡುವುದು ಮಾರುತ್ ವಿಮಾನದಲ್ಲಿ. ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರು ೧೯೫೬ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ತಂಡದೊಂದಿಗೆ ರೂಪಿಸಿದ ಈ ವಿಮಾನ ೧೯೬೧ರ ಜೂನ್ ೧೭ರಂದು ಮೊದಲ ಬಾರಿಗೆ ಹಾರಿತು. ಒಟ್ಟು ೧೪೭ ವಿಮಾನಗಳು ತಯಾರಾದವು. ೧೯೭೧ರ ಯುದ್ಧದಲ್ಲಿ ಇವು ಭಾಗವಹಿಸಿದವು. ೧೯೯೦ರಲ್ಲಿ ಸೇವೆಯಿಂದ ನಿವೃತ್ತವಾದವು. ವಿನ್ಯಾಸಕ್ಕೆ ತಕ್ಕ ಶಕ್ತಿಯುಳ್ಳ ಎಂಜಿನ್ನು ಕೊನೆಗೂ ದೊರಕದೆ, ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್ನುಗಳಿಂದಲೇ ಅದು ಬದುಕನ್ನು ಸಾಗಿಸಬೇಕಾಯಿತು. ಫಲಕದ ವೇಗದ ಅಂಕಿಯ ಹಿಂದೆ ಇರುವುದು ಈ ಕಥೆ. ಅದು ತಿಳಿಯದೆ ಅಂಕಿಯನ್ನು ಓದಿದವನಿಗೆ ಮಾರುತ್ ಇನ್ನೊಂದು ಹಳೆಯ ವಿಮಾನ, ಅಷ್ಟೆ.

ಸಂಗ್ರಹಾಲಯದಿಂದ ಪೂರ್ವಕ್ಕೆ ಅದೇ ರಸ್ತೆಯಲ್ಲಿ ಸಾಗಿದರೆ ಮಾರತಹಳ್ಳಿ ಸಿಗುತ್ತದೆ. ಮಾರುತ್ ವಿಮಾನವೊಂದು ಇಲ್ಲಿ ಬಿದ್ದುದರಿಂದ ಊರಿಗೆ ಆ ಹೆಸರು ಬಂದಿತೆಂಬ ಕಥೆ ನಗರದಲ್ಲಿ ವ್ಯಾಪಕವಾಗಿ ಪ್ರಚಾರದಲ್ಲಿದೆ. ಸ್ಥಳನಾಮ ಅಧ್ಯಯನದ ಪರಿಭಾಷೆಯಲ್ಲಿ ಇದು ಜನನಿರುಕ್ತಿ. ೧೯೬೧ರಲ್ಲಿ ಹಾರಲಾರಂಭಿಸಿದ ವಿಮಾನವು ಹಳೆಯ ಹಳ್ಳಿಯೊಂದಕ್ಕೆ ಹೆಸರು ಕೊಟ್ಟಿತೆಂದು ಒಪ್ಪುವುದು ಕಷ್ಟ. ಆದರೆ ಜಾನಪದ ವಿದ್ವಾಂಸನ ಕೆಲಸ ನಿರುಕ್ತಿಯನ್ನು ತಿದ್ದುವುದರಲ್ಲಿ ಮುಗಿಯುವುದಿಲ್ಲ. ಆಕಾಶದಲ್ಲಿ ದಿನವೂ ಪರೀಕ್ಷಾ ವಿಮಾನಗಳನ್ನು ಕಂಡ, ಅವು ಬೀಳಬಹುದೆಂಬ ಭಯವನ್ನೂ ಅರಿತ ಜನರು ಆ ಅನುಭವವನ್ನು ಊರಿನ ಹೆಸರಿನೊಳಗೆ ಇಟ್ಟು ಕಾಪಾಡಿದ್ದಾರೆ ಎಂಬುದು ಇಲ್ಲಿನ ಮುಖ್ಯ ಸಂಗತಿ. ವೀರನ ಹೆಜ್ಜೆಯಿಂದ, ದೇವಿಯ ಬಳೆಯಿಂದ ಊರಿನ ಹೆಸರನ್ನು ವಿವರಿಸಿದ ಮನಸ್ಸೇ ಇಲ್ಲಿ ಜೆಟ್ ವಿಮಾನದಿಂದ ವಿವರಿಸಿದೆ.

ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಹೆಸರಿದೆ. ಮಾರುತ್ ವಿಮಾನವನ್ನು ಮೊದಲು ಹಾರಿಸಿದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು ೧೯೭೦ರ ಜನವರಿ ೧೦ರಂದು ಅದೇ ವಿಮಾನದ ಸುಧಾರಿತ ಮಾದರಿಯೊಂದರ ಪರೀಕ್ಷೆಯ ವೇಳೆ ಬೆಂಗಳೂರಿನಲ್ಲಿಯೇ ಮಡಿದರು. ಕಾರ್ಖಾನೆಯ ಸಮೀಪದ ರಸ್ತೆಗೆ ಅವರ ಹೆಸರಿದೆ. ನಿಜವಾದ ಸಾವಿನ ಹೆಸರು ರಸ್ತೆಯ ಫಲಕದಲ್ಲಿ ಕಥೆಯಿಲ್ಲದೆ ನಿಂತಿದೆ. ಮಾರತಹಳ್ಳಿಯಲ್ಲಿ ಕಥೆಯಿದೆ, ಅದಕ್ಕೆ ವ್ಯಕ್ತಿಯ ಹೆಸರಿಲ್ಲ. ಈ ಎರಡನ್ನೂ ಕೂಡಿಸಬಲ್ಲ ವಸ್ತು ಸಂಗ್ರಹಾಲಯದ ಅಂಗಳದಲ್ಲಿದೆ.

೪

ಸ್ಮಾರಕವೊಂದು ಹೇಗೆ ಮಾತನಾಡಬೇಕೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಹಳೆಯ ಮಾದರಿಯಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿರುವ ಬೇಗೂರಿನ ವೀರಗಲ್ಲು, ಗಂಗರ ಎರೆಯಪ್ಪನ ಪರವಾಗಿ ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಎದುರು ಹೋರಾಡಿ ಮಡಿದ ನಾಗತ್ತರನನ್ನು ಕುರಿತದ್ದು. ಆನೆ, ಕುದುರೆ, ಬಿಲ್ಲು, ಕತ್ತಿಗಳೆಲ್ಲ ಅದರಲ್ಲಿ ದಟ್ಟವಾಗಿ ಕೆತ್ತಲ್ಪಟ್ಟಿವೆ. ಆದರೆ ಅವುಗಳ ಅಳತೆಯನ್ನು ಶಾಸನ ಹೇಳುವುದಿಲ್ಲ. ಯಾರು, ಯಾರಿಗಾಗಿ, ಯಾರ ವಿರುದ್ಧ, ಎಲ್ಲಿ ಸತ್ತರು ಎಂಬುದನ್ನು ಹೇಳುತ್ತದೆ. ಅದೇ ಸಂಗ್ರಹದ ಹತ್ತನೆಯ ಶತಮಾನದ ಆತಕೂರು ಶಾಸನವು ತಕ್ಕೋಲದ ಯುದ್ಧದ ಜೊತೆಗೆ, ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಹೆಸರನ್ನೂ ದಾಖಲಿಸಿದೆ. ಪಕ್ಕದಲ್ಲಿಯೇ ಇರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿಯೂ ಮಾರುತ್ ವಿಮಾನವೊಂದಿದೆ. ಒಂದೇ ಕಸ್ತೂರಬಾ ರಸ್ತೆಯಲ್ಲಿ ಸಾವಿರ ವರ್ಷಗಳ ಅಂತರದ ಎರಡು ಸ್ಮರಣಪದ್ಧತಿಗಳು ನೆರೆಹೊರೆಯಾಗಿವೆ: ಒಂದರಲ್ಲಿ ನಾಯಿಗೂ ಹೆಸರುಂಟು, ಇನ್ನೊಂದರಲ್ಲಿ ಯಂತ್ರಕ್ಕೆ ಮಾತ್ರ.

ಯೋಧನ ಕೀರ್ತಿಯು ಕಥನದಿಂದಲೇ ಸ್ಥಾಪಿತವಾಗುತ್ತದೆಂಬುದಕ್ಕೆ ನಮ್ಮ ಕಾಲದ ನಿದರ್ಶನ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದು. ೧೯೬೫ರ ಸೆಪ್ಟೆಂಬರ್ ೭ರಂದು ಸರ್ಗೋಧಾದ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದ ಅವರು ಮರಳಲಿಲ್ಲ. ತಮಗಿಂತ ವೇಗಶಾಲಿಯಾದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ ಸಂಗತಿ, ಪಾಕಿಸ್ತಾನದ ಮೂಲಗಳನ್ನು ಆಧರಿಸಿ ಬ್ರಿಟಿಷ್ ಲೇಖಕನೊಬ್ಬ ೧೯೭೯ರಲ್ಲಿ ಬರೆದ ಪುಸ್ತಕದಿಂದ ಬೆಳಕಿಗೆ ಬಂದಿತು. ಮರಣೋತ್ತರ ಮಹಾವೀರ ಚಕ್ರ ದೊರೆತದ್ದು ೧೯೮೮ರಲ್ಲಿ. ಎರಡು ವಿಮಾನಗಳ ವೇಗವನ್ನು ಅಕ್ಕಪಕ್ಕದಲ್ಲಿ ಬರೆದಿಟ್ಟರೆ ಗೆಲ್ಲುವುದು ಸ್ಟಾರ್‌ಫೈಟರ್. ಅಂಕಿಯು ಹೇಳಲಾರದ್ದನ್ನು ಎದುರಾಳಿಯ ಪಾಳೆಯದಿಂದ ಬಂದ ಕಥನವು ಹೇಳಿತು.

೫

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕಥೆಗಳಿಗೆ ಬಾಗಿಲು ತೆರೆದರೆ ಸಂಗ್ರಹಾಲಯವು ಐತಿಹ್ಯಗಳ ಸಂತೆಯಾಗುವುದಿಲ್ಲವೆ? ಅಪಾಯ ನಿಜವಾದದ್ದೇ. ಪ್ರಾಚೀನರಲ್ಲಿಯೂ ವಿಮಾನಗಳಿದ್ದವೆಂಬ ಮಾತಿಗೆ ಆಧಾರವಾಗಿ ಮುಂದಿಡುವ ‘ವೈಮಾನಿಕ ಶಾಸ್ತ್ರ’ವು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೇಳಿ ಬರೆಸಿದ್ದೆಂದೂ, ಅದು ವರ್ಣಿಸುವ ವಿಮಾನಗಳು ಹಾರಲಾರವೆಂದೂ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೧೯೭೪ರಲ್ಲಿಯೇ ತೋರಿಸಿದ್ದಾರೆ. ಕಥೆಯನ್ನು ಕಥೆಯೆಂದೂ ದಾಖಲೆಯನ್ನು ದಾಖಲೆಯೆಂದೂ ಗುರುತಿಸಿ ಇಡುವುದು ಜಾನಪದ ಶಾಸ್ತ್ರದ ಮೊದಲ ಪಾಠ. ಮಾರತಹಳ್ಳಿಯ ಕಥೆಯನ್ನು ‘ಜನರು ಹೀಗೆ ಹೇಳುತ್ತಾರೆ’ ಎಂಬ ಶೀರ್ಷಿಕೆಯಡಿಯಲ್ಲಿಯೇ ಇಡಬೇಕು. ಕಥೆಯನ್ನು ಹೊರಗಿಟ್ಟ ಮಾತ್ರಕ್ಕೆ ಅದು ಸಾಯುವುದಿಲ್ಲ. ಪರಿಶೀಲನೆಗೆ ಒಳಗಾಗದೆ ಹೊರಗೆ ಬೆಳೆಯುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಕ್ಯಾನ್‌ಬೆರಾ ಬಾಂಬು ಹಾಕುವ ವಿಮಾನ. ಹುಲ್ಲುಹಾಸಿನ ಮೇಲೆ ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಕುಟುಂಬಕ್ಕೆ, ಬಾಂಬು ಬಿದ್ದ ನೆಲದ ನೆನಪು ಬರುವಂತೆ ಮಾಡುವ ಯಾವ ಸೂಚನೆಯನ್ನೂ ಅಂಕಿಗಳ ಫಲಕ ಕೊಡದು. ಈ ವಿಷಯದಲ್ಲಿ ವೀರಗಲ್ಲೂ ಪೂರ್ಣ ಆದರ್ಶವಲ್ಲ. ಅದು ಮಡಿದವನನ್ನು ಸ್ವರ್ಗಕ್ಕೆ ಏರಿಸಿ ಸಂಕಟವನ್ನು ಮುಚ್ಚುತ್ತದೆ. ಆದರೂ ಎದುರಾಳಿಗೆ ಅಲ್ಲಿ ಹೆಸರಿರುತ್ತದೆ, ಸಾವಿಗೆ ಸ್ಥಳವಿರುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಪ್ರತಿ ವಿಮಾನದ ಬಳಿ ಅಂಕಿಗಳ ಫಲಕದ ಜೊತೆಗೆ ಅದರ ಜೀವನಚರಿತ್ರೆಯನ್ನು ಹೇಳುವ ಇನ್ನೊಂದು ಫಲಕವಿರಬೇಕು: ಯಾವಾಗ ಕಾರ್ಖಾನೆಯಿಂದ ಹೊರಬಂದಿತು, ಯಾವ ದಳದಲ್ಲಿತ್ತು, ಹಾರಿಸಿದವರಾರು, ಹೇಗೆ ಇಲ್ಲಿಗೆ ತಲುಪಿತು. ಅದಕ್ಕಿಂತ ತುರ್ತಾದದ್ದು ಕಾರ್ಮಿಕರ ಮಾತುಗಳ ಧ್ವನಿಮುದ್ರಣ. ಎಚ್‌ಟಿ-೨ ಹಾರಿದಾಗ ಇಪ್ಪತ್ತು ವರ್ಷದವರಾಗಿದ್ದವರು ಬದುಕಿದ್ದರೆ ಇಂದು ತೊಂಬತ್ತೈದರ ಆಸುಪಾಸಿನಲ್ಲಿರಬೇಕು. ಮಾರುತ್ ವಿಮಾನಕ್ಕೆ ರಿವೆಟ್ಟು ಹೊಡೆದವರಲ್ಲಿ ಕಿರಿಯರೂ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ವಿಮಾನದ ಲೋಹ ಇನ್ನೂ ನೂರು ವರ್ಷ ನಿಲ್ಲಬಹುದು. ಅದನ್ನು ಮಾಡಿದ ಕೈಗಳ ಮಾತಿಗೆ ಉಳಿದಿರುವ ಕಾಲ ಅಲ್ಪ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಧ್ವನಿಮುದ್ರಣ ಯಂತ್ರವನ್ನು ಹಿಡಿದು ಹಳ್ಳಿಗಳಿಗೆ ಹೋದಂತೆ ವಿಮಾನಪುರಕ್ಕೂ ಹೋಗಬೇಕು. ಸಂಗ್ರಹಾಲಯವು ಆ ಧ್ವನಿಗಳಿಗೆ ಒಂದು ಕೋಣೆಯನ್ನು ಕೊಡಬೇಕು.